ಬಿತ್ತಿದವನು ಸತ್ತ ಮೇಲೆ

"ಗಂಡನ್ನ ನುಂಗ್ಕಂಡ ಮುಂಡೆ, ಈಗ ನನ್ ಹೊಲ ನುಂಗಕ್ ಬಂದೇನೇ? ಒಳಕ್ಕೆ ಕಾಲಿಟ್ರೆ ಕಾಲು ಮುರಿಸಾಕ್ತೀನಿ!"

ಊರ ಜಮೀನಿನ ಒಡೆಯರಾದ ಜೋಡಿದಾರ ವೆಂಕಟರಾಮಯ್ಯನವರು ಕೊಡೆ ಹಿಡಿದು ಬದುವಿನ ಮೇಲೆ ನಿಂತು ಬೈಯುತ್ತಿದ್ದರು. ಅವರ ಆಳುಗಳಿಬ್ಬರು ದೊಣ್ಣೆ ಹಿಡಿದು ರಾಗಿಯ ನಡುವೆ ಕಾವಲಿದ್ದರು. ನನ್ನ ಅತ್ತಿಗೆ ಕೊಲ್ಲಾಪುರಮ್ಮ ಬದುವಿನ ಈಚೆ ತಲೆ ತಗ್ಗಿಸಿ ನಿಂತಿದ್ದಳು. ಆ ಹೊಲವನ್ನು ವಾರಕ್ಕೆ, ಬೆಳೆಯಲ್ಲಿ ಪಾಲು ಕೊಡುವ ಕರಾರಿಗೆ, ಮಾಡುತ್ತಿದ್ದ ಅಣ್ಣ ಅಡವಯ್ಯ ಸತ್ತು ಅಂದಿಗೆ ಹನ್ನೆರಡು ದಿನ. ಹಿಂದಿನ ದಿನವಷ್ಟೇ ಸೂತಕ ಕಳೆದು ತಲೆಗೆ ನೀರು ಹಾಕಿಕೊಂಡಿದ್ದೆವು.

"ಬಿತ್ತಿದ್ದು ಅವ್ರಲ್ವಾ ಬುದ್ದಿ," ಎಂದಳು ಅತ್ತಿಗೆ. "ಕಳೆ ಕಿತ್ತೋಳು ನಾನು. ನಿಮ್ ಪಾಲು ನಿಮಗೆ ಅಳೀತೀವಿ. ನಮ್ ಪಾಲು ಕುಯ್ಕಳಕ್ ಬುಡಿ."

"ವಾರಕ್ಕೆ ಕೊಟ್ಟಿದ್ದು ಅವನ್ಗೆ. ಅವನೂ ಹೋದ, ವಾರಾನೂ ಹೋಯ್ತು. ನಡಿಯೇ!"

ಆ ರಾಗಿ ಕೈಬಿಟ್ಟರೆ ಅವಳಿಗೂ ಮೂರು ಮಕ್ಕಳಿಗೂ ಮುಂದಿನ ಮಳೆಗಾಲದವರೆಗೆ ಮುದ್ದೆಯಿಲ್ಲ. ಅವಳು ಅಳಲಿಲ್ಲ. ಅಳುವುದಕ್ಕೂ ಮೈಯಲ್ಲಿ ತ್ರಾಣ ಬೇಕು.

ನಮ್ಮ ಕೇರಿಯವರನ್ನು ಜಗುಲಿಗೆ ಹತ್ತಿಸಿ ಮಾತಾಡುವ ವಕೀಲರು ಮಧುಗಿರಿಯಲ್ಲಿ ಒಬ್ಬರಿದ್ದರು, ಸಂಜೀವಯ್ಯನವರು. ನಡೆದೇ ಹೋದೆವು. ಎಲ್ಲ ಕೇಳಿ ಅವರು ಒಂದು ದಪ್ಪ ಪುಸ್ತಕ ತೆಗೆದರು.

"ಇದಕ್ಕೆ ಇಂಗ್ಲಿಷಿನಲ್ಲಿ ಎಂಬ್ಲಿಮೆಂಟ್ಸ್ ಅಂತ ಒಂದು ಮಾತಿದೆ ಕಣಮ್ಮ. ಗೇಣಿಗೋ ವಾರಕ್ಕೋ ಮಾಡಿದವನು ಬಿತ್ತಿ ಸತ್ತರೆ, ಭೂಮಿ ಒಡೆಯನಿಗೆ ವಾಪಸ್ಸು. ಆದರೆ ನಿಂತ ಬೆಳೆಯಲ್ಲಿ ಅವನ ಪಾಲು ಅವನ ಹೆಂಡತಿ ಮಕ್ಕಳದು. ಒಳಗೆ ಹೋಗಿ ಕುಯ್ದು ಹೊತ್ತು ತರುವ ಹಕ್ಕೂ ಅವರದೇ."

"ಬದುವಿನ ಮಾವಿನ ಮರ ಸ್ವಾಮಿ?" ಎಂದೆ ನಾನು. ಅದನ್ನು ನೆಟ್ಟವನೂ ಅಣ್ಣನೇ.

"ಮರಕ್ಕಿಲ್ಲ ತಿಮ್ಮರಾಯಪ್ಪ. ವರ್ಷ ವರ್ಷ ಮೈಬಗ್ಗಿಸಿ ದುಡಿದು ಬೆಳೆಯುವುದಕ್ಕೆ ಮಾತ್ರ. ಇನ್ನೊಂದಿದೆ. ತಾವಾಗಿಯೇ ಹೊಲ ಬಿಟ್ಟು ಹೋದವರಿಗೆ ಈ ಹಕ್ಕಿಲ್ಲ."

"ನಾವ್ಯಾಕೆ ಬುಟ್ಟೋಗನ?" ಎಂದಳು ಅತ್ತಿಗೆ. ಆ ಪುಸ್ತಕದ ಕಡೆ ಕೈ ತೋರಿದಳು. "ಅಂಗಾರೆ ಇಂಗ್ಲಿಷ್‌ನೋರ ಊರಾಗೂ ಬಿತ್ತಿದೋರು ಹಿಂಗೇ ಸಾಯ್ತಿದ್ರಾ ಸ್ವಾಮಿ?"

ವಕೀಲರು ಪುಸ್ತಕ ಮುಚ್ಚಿ ಅರ್ಜಿ ಬರೆಯಲು ಕಾಗದ ತೆಗೆದರು.

ತೆನೆ ಉದುರಿಹೋಗುತ್ತದೆಂದು ಅಂಗಲಾಚಿ, ಕೊಯ್ಲಿನ ಅಪ್ಪಣೆಗೆ ಅವರು ಬೇಗ ದಿನ ಹಾಕಿಸಿದರು. ಮುನ್ಸೀಫ್ ಕೋರ್ಟಿನಲ್ಲಿ ಸಾಕ್ಷಿ ನಾನೇ. ಕಟಕಟೆ ಹತ್ತಿದೆ. ಜೋಡಿದಾರರ ಕಡೆಯ ವಕೀಲ ಬಲು ಮೆತ್ತಗೆ ಕೇಳಿದ.

"ಅಡವಯ್ಯ ಸತ್ತ ಮೇಲೆ ನಿಮ್ಮಲ್ಲಿ ಯಾರಾದರೂ ಹೊಲಕ್ಕೆ ಹೋಗಿದ್ದಿರಾ?"

ನಮ್ಮನ್ನು ನೀತಿಗೆಟ್ಟವರೆಂದು ತೋರಿಸಲು ಹೊರಟಿದ್ದಾನೆ ಅಂದುಕೊಂಡೆ. ಎದೆಯುಬ್ಬಿಸಿ ಹೇಳಿದೆ: "ಒಂದ್ ಕಾಲೂ ಇಟ್ಟಿಲ್ಲ ಸ್ವಾಮಿ! ಸೂತಕದಾಗೆ ಬೆಳೆ ಮುಟ್ಟೋ ಜನ ನಾವಲ್ಲ."

"ಹನ್ನೊಂದು ದಿನವೂ? ಕಾವಲಿಗೂ ಯಾರೂ ಇರಲಿಲ್ಲ?"

"ಒಂದ್ ನರಪಿಳ್ಳೇನೂ ಇರ್ಲಿಲ್ಲ. ದೇವರಾಣೆಗೂ."

ಅವನು ಮುನ್ಸೀಫರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಹೇಳಿ ನಕ್ಕ. ನಮ್ಮ ನೇಮ ನಿಷ್ಠೆಯನ್ನು ಹೊಗಳಿದನೆಂದೇ ತಿಳಿದೆ. ಸಂಜೀವಯ್ಯನವರು ಹಣೆಗೆ ಕೈ ಹಚ್ಚಿದಾಗ, ಮಾತು ಎಡವಿದೆನೆಂದು ತಿಳಿದು ಕೂಗಿದೆ.

"ಸ್ವಾಮಿ, ಜೋಡಿದಾರ್ರೇ ಯೋಳ್ಕಳ್ಸಿದ್ರು! ಮೈಲ್ಗೆ ಕಳಿಯಾಗಂಟ ಹೊಲಕ್ಕೆ ಬರಬ್ಯಾಡಿ, ಭೂಮ್ತಾಯಿಗೆ ಮುಟ್ಟುತ್ತೆ ಅಂತ..."

"ಕೇಳಿದಷ್ಟಕ್ಕೆ ಉತ್ತರ ಹೇಳು," ಎಂದು ಮುನ್ಸೀಫರು ಗದರಿದರು. "ಇಳಿ ಕೆಳಗೆ."

ಜೋಡಿದಾರರು ಮೇಲೆ ಚಾವಣಿ ನೋಡುತ್ತ ಕುಳಿತಿದ್ದರು. ಸತ್ತವನ ಕಡೆಯವರು ತಾವಾಗಿಯೇ ಹೊಲ ಬಿಟ್ಟಂತೆ ಕಾಣುತ್ತದೆ, ಈಗ ಕೊಯ್ಲಿಗೆ ಅಪ್ಪಣೆ ಕೊಡುವುದಿಲ್ಲ ಎಂದು ಮುನ್ಸೀಫರು ಹೇಳಿದರು. ಪೂರ್ತಿ ವಿಚಾರಣೆ ಯುಗಾದಿಯಾದ ಮೇಲೆ. ಅಷ್ಟರಲ್ಲಿ ರಾಗಿ ಜೋಡಿದಾರರ ಕಣಜದಲ್ಲಿರುತ್ತದೆ. ನನ್ನ ನಾಲಿಗೆಯನ್ನು ನಾನೇ ಕಿತ್ತುಹಾಕಬೇಕೆನಿಸಿತು.

ದಾರಿಯುದ್ದಕ್ಕೂ ಅತ್ತಿಗೆ ಮುಂದೆ ಮುಂದೆ ನಡೆದಳು. ಊರು ಕಾಣುವಾಗ ನಾನೇ ಅಂದೆ: "ಅತ್ಗೆ, ನನ್ನ ಬಯ್ಯಾರ ಬಯ್ಯಿ."

"ಬಯ್ಯಕೂ ಸಾಕಾಗೈತೆ ತಿಮ್ಮರಾಯ. ನೀನು ನಿಜಾನೇ ಯೋಳ್ದೆ."

ಮರುದಿನ ಹೊತ್ತು ಮಾರುದ್ದ ಏರಿದ ಮೇಲೆ, ಊರೆಲ್ಲ ನೋಡುವಂತೆ ಅವಳು ಕುಡುಗೋಲು ಹಿಡಿದು ಹೊಲಕ್ಕೆ ಇಳಿದಳು. ಕಾವಲಿನ ಆಳುಗಳು ದೊಣ್ಣೆ ಎತ್ತಿದರು. ಹೆಂಗಸನ್ನು ಹೊಡೆಯಲು ಕೈ ಬಾರದೆ ಒಬ್ಬ ಜೋಡಿದಾರರನ್ನು ಕರೆತರಲು ಓಡಿದ. ಅವಳು ಬಗ್ಗಿ ಕುಯ್ಯತೊಡಗಿದಳು. ಹಿಂದೆಯೇ ನಾನೂ ಇಳಿದೆ.

ಜೋಡಿದಾರರು ಬಂದಾಗ ಏಳೆಂಟು ಹೊರೆಯಾಗುವಷ್ಟು ಕುಯ್ದು ಮಲಗಿಸಿದ್ದೆವು. ಅವರ ಹಿಂದೆ ಆರು ಜನ.

"ಬೋಸುಡಿ, ಕೋರ್ಟಿನ ಮಾತಿಗೂ ಬೆಲೆ ಇಲ್ವೇನೇ? ಜೈಲಿಗೆ ಹಾಕಿಸ್ತೀನಿ!"

ಅತ್ತಿಗೆ ಸೊಂಟ ನೆಟ್ಟಗೆ ಮಾಡಿದಳು. ಬೆವರಿಗೆ ಕಣ್ಣು ಕಿರಿದಾಗಿತ್ತು.

"ಹಾಕ್ಸಿ ಬುದ್ದಿ. ಆದ್ರೆ ಯುಗಾದಿಯಾದ್ಮೇಲೆ ಅದೇ ಕಟಕಟೆ ಹತ್ತಿ ನೀವೇ ಯೋಳ್ಬೇಕು, ಇವ್ರು ಹೊಲ ಬುಟ್ಟೋಗಿರ್ಲಿಲ್ಲ, ನನ್ ಕಣ್ಣ ಮುಂದೆ ಕುಯ್ತಿದ್ರು ಅಂತ. ಚೆನ್ನಾಗ್ ನೋಡ್ಕಳಿ."

ಮತ್ತೆ ಬಗ್ಗಿದಳು. ಆರೂ ಜನ ಬದು ಇಳಿದು ರಾಗಿ ತುಳಿಯುತ್ತ ಬರತೊಡಗಿದರು. ನಾನು ಮುಂದಿನ ರಾಗಿ ಬುಡಕ್ಕೆ ಕೈ ಹಾಕಿದೆ.