ನಾಲ್ಕನೆಯ ಖಾನೆ

ಪರಪ್ಪನ ಮುಂದೆ ನಾಲ್ಕು ಖಾನೆಗಳ ಒಂದು ಹಾಳೆ ಇತ್ತು. ಏನಾಯಿತು? ಆಗ ನೀವೇನು ಮಾಡುತ್ತಿದ್ದಿರಿ? ಅದರಿಂದ ಏನು ಕಲಿತಿರಿ? ಮುಂದಿನ ಸಲ ಏನು ಮಾಡುತ್ತೀರಿ?

ಕಬ್ಬಿನ ಹಂಗಾಮು ಶುರುವಾಗುವ ಮುಂಚೆ ಟ್ರ್ಯಾಕ್ಟರ್ ಡ್ರೈವರುಗಳನ್ನು ಗೋಕಾಕದಲ್ಲಿ ಅಪಘಾತ ತಡೆಯುವ ತರಬೇತಿಗೆ ಕೂಡಿಸಿದ್ದರು. ಹುಕ್ಕೇರಿಯಿಂದ ಬಂದ ಮೇಡಂ, "ನಿಮ್ಮ ಕೈಯಾಗ ಆದ ಒಂದು ಅಪಘಾತ ಬರೀರಿ. ಹಣೇಬರಾ ಅಂತ ಬರೀಬ್ಯಾಡ್ರಿ, ನಡದದ್ದ ಬರೀರಿ. ಹಾಳಿ ನಿಮ್ಮ ಕಡೇನ ಇರಲಿ, ನಾವು ಓದಂಗಿಲ್ಲ" ಎಂದರು.

"ಓದಂಗಿಲ್ಲಂದ್ರ ಯಾಕ ಬರೀಬೇಕ್ರಿ? ಎತ್ತಿಗೆ ಓದಿ ಹೇಳೂಣೇನು?" ಪರಪ್ಪ ಗುಡುಗಿದ. ಎಲ್ಲರೂ ನಕ್ಕರು. ಬಾಜೂ ಕುಳಿತಿದ್ದ ಅಣ್ಣನ ಮಗ ಬಾಳೇಶ ಮಾತ್ರ ನಗಲಿಲ್ಲ.

ಬಾಳೇಶನಿಗೆ ಗೊತ್ತಿತ್ತು. ಎಂಟು ತಿಂಗಳ ಹಿಂದೆ, ಮಟಮಟ ಮಧ್ಯಾಹ್ನ, ಕುಲಗೋಡದಿಂದ ಹೊರಟ ಪರಪ್ಪನ ಟ್ರ್ಯಾಕ್ಟರಿನ ಹಿಂದೆ ಬಾಳೇಶನ ಬೈಕು ದೂರದಲ್ಲಿ ಬರುತ್ತಿತ್ತು. ಕಬ್ಬಿನ ಹೇರಿನ ಮೇಲೆ ಪರಪ್ಪನ ಹೆಂಡತಿ ಲಕ್ಕವ್ವ ಕುಳಿತಿದ್ದಳು. ಹಗ್ಗ ಸಡಿಲಾಗಿ ಹೇರು ಒಂದು ಮಗ್ಗಲಿಗೆ ವಾಲಿತು. ಲಕ್ಕವ್ವ ಕೈ ಬೀಸಿ ಬೀಸಿ ಕೂಗಿದಳು. ಪರಪ್ಪ ಹಾಡು ಹಚ್ಚಿದ್ದ. ಅವನ ಸೀಟಿನ ಎರಡೂ ಕಡೆ ದೊಡ್ಡ ಸ್ಪೀಕರು. ಊರಿಗೆ ಮೊದಲು ಹಾಡು ಬರಬೇಕು, ಆಮೇಲೆ ಟ್ರ್ಯಾಕ್ಟರು. ಅದು ಈ ಕಡೆಯ ಡ್ರೈವರುಗಳ ಗತ್ತು. ಕಬ್ಬಿನ ಜೊತೆ ಲಕ್ಕವ್ವ ರಸ್ತೆಗೆ ಬಿದ್ದಳು. ಮತ್ತೆ ಏಳಲಿಲ್ಲ.

ಜನ ಸೇರುವ ಮೊದಲೇ ಪರಪ್ಪ ಹಾಡು ಬಂದ್ ಮಾಡಿದ್ದ. ಅವಳು ಕೂಗಿದ್ದನ್ನು ಬಾಳೇಶ ಕಿವಿಯಲ್ಲಿ ಹೇಳಿದರೂ, "ತೂಕಡಿಸಿ ಬಿದ್ಲು, ನಿದ್ದಿಗೇಡಿ" ಎಂದು ಸತ್ತವಳನ್ನೇ ಬೈದ. ಮಗಳು ದಾನೇಶ್ವರಿ ಅದನ್ನೇ ನಂಬಿದಳು. ಹಿಂದಿನ ರಾತ್ರಿ ಅವಳಿಗೆ ಜ್ವರ ಬಂದು, ತಾಯಿ ಕಣ್ಣು ಮುಚ್ಚದೆ ಹಣೆಗೆ ತಣ್ಣೀರ ಬಟ್ಟೆ ಹಾಕಿದ್ದಳು. "ನನ್ನ ಜ್ವರಾನ ಅವ್ವನ್ನ ತಿಂತು" ಎಂದು ಹುಡುಗಿ ಊಟ ಬಿಟ್ಟಳು, ಕಾಲೇಜು ಬಿಟ್ಟಳು. ಪರಪ್ಪ ಕೇಳಿಸಿಕೊಂಡು ಸುಮ್ಮನಿದ್ದ.

"ಬರಿ ಕಾಕಾ," ಬಾಳೇಶ ಮೆಲ್ಲಗೆ ಹೇಳಿದ. "ಆ ಹುಡಿಗಿ ಮಾರಿ ನೋಡಾಕ ಆಗವಲ್ದು. ನೀ ಹೇಳದಿದ್ರ ನಾನ ಹೇಳತೇನಿ."

"ಮುಚ್ಚಲೇ ಬಾಯಿ. ಪೆನ್ನ ಕೊಡು."

ಏಳನೆಯ ಇಯತ್ತೆಯವರೆಗೆ ಸಾಲಿ ಕಲಿತ ಕೈ. ಒಂದೊಂದು ಅಕ್ಷರವೂ ಕಲ್ಲು ಎತ್ತಿಟ್ಟಂತೆ. 'ಲಕ್ಕಿ ಬಿದ್ದು ಸತ್ತಳು. ಅವಳು ಮಲಗಿರಲಿಲ್ಲ, ಕೂಗುತ್ತಿದ್ದಳು. ನಾನು ಹಾಡು ಹಚ್ಚಿದ್ದೆ. ಸುಳ್ಳು ಹೇಳಿ ಮಗಳನ್ನೂ ಜೀವಂತ ಕೊಂದೆ.' ಮೂರು ಖಾನೆ ತುಂಬಿದವು. ನಾಲ್ಕನೆಯದನ್ನು ಹಾಗೇ ಬಿಟ್ಟ. ಯಾವ ಮುಂದಿನ ಸಲ?

ಸಂಜೆ ದಾನೇಶ್ವರಿ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ಜೋಳ ಹಸನು ಮಾಡುತ್ತಿದ್ದಳು. ಊರಿಗೆಲ್ಲ ಕೇಳುವಂತೆ ಜಗಳಾಡುವ ಪರಪ್ಪನಿಗೆ ಬಾಯಿ ಬರಲಿಲ್ಲ. ಹಾಳೆಯನ್ನು ಅವಳ ಮೊರದಲ್ಲಿಟ್ಟ.

ಅವಳು ಓದಿದಳು. ಮತ್ತೊಮ್ಮೆ ಓದಿದಳು. ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ.

"ಅಪ್ಪಾ, ಅವ್ವ ಏನಂತ ಕೂಗಿದ್ಲು?"

ಅದು ಹಾಳೆಯಲ್ಲಿ ಇರದ ಪ್ರಶ್ನೆ. ಬಾಳೇಶ ದೂರವಿದ್ದ, ಅವನು ಕಂಡದ್ದು ಬೀಸುವ ಕೈ, ಕೇಳಿದ್ದು ಬರೀ ದನಿ. ಮಾತು ಕೇಳುವಷ್ಟು ಹತ್ತಿರ ಇದ್ದವನು ಪರಪ್ಪ ಒಬ್ಬನೇ.

"ನನಗ ಕೇಳಲಿಲ್ಲವ್ವಾ."

ದಾನೇಶ್ವರಿ ಮೊರ ಕೆಳಗಿಟ್ಟು ಎದ್ದಳು. ಒಳಗೆ ಹೋಗಿ ಬಾಗಿಲ ಅಗಳಿ ಹಾಕಿಕೊಂಡಳು.

"ದಾನವ್ವಾ!" ಪರಪ್ಪ ಬಾಗಿಲಿಗೆ ಬಾಯಿ ಹಚ್ಚಿ ಕೂಗಿದ. ಓಣಿಯ ಜನ ಹೊರಬಂದು ನೋಡುವಷ್ಟು ಕೂಗಿದ.

ಅವಳಿಗೆ ಕೇಳಿಸುತ್ತಿತ್ತು. ಬಾಗಿಲು ತೆರೆಯಲಿಲ್ಲ.