ಬೀರು ಎಂಬ ನಾಯಿಯ ತೂಕ

೧

ಈ ಕಥೆಯನ್ನು ನಾಯಿಯಿಂದ ಶುರು ಮಾಡಬೇಕೋ, ಅದರ ಆಸ್ಪತ್ರೆ ಬಿಲ್ಲಿನಿಂದಲೋ? ಬಿಲ್ಲಿನಿಂದ ಶುರು ಮಾಡಿದರೆ ನೀವು ಪುಸ್ತಕ ಮುಚ್ಚಿ ಎದ್ದು ಹೋಗುತ್ತೀರಿ. ನಾಯಿಯಿಂದ ಶುರು ಮಾಡಿದರೆ ಪುಟದಲ್ಲಿ ಬೇರೆ ಯಾರಿಗೂ ಜಾಗ ಉಳಿಯುವುದಿಲ್ಲ, ಅದು ಅಷ್ಟು ದೊಡ್ಡ ನಾಯಿ. (ಮೊದಲ ಡ್ರಾಫ್ಟಿನಲ್ಲಿ ನಾಯಿ ಚಿಕ್ಕದಿತ್ತು, ಮಡಿಲಲ್ಲಿ ಕೂರುವಂಥದ್ದು. ತಂದರು, ಸಾಕಿದರು, ಸುಖವಾಗಿದ್ದರು. ಕಥೆ ಅರ್ಧ ಪುಟಕ್ಕೇ ಮುಗಿದುಹೋಯಿತು. ಯಾರಿಗೆ ಬೇಕು?)

ಹಾಗಾಗಿ ಒಂದು ಅಳತೆ ಟೇಪಿನಿಂದ ಶುರು ಮಾಡುತ್ತೇನೆ.

೨

ಟೇಪಕ್ಕ ಮನೆ ಸಾಮಾನು ಸಾಗಿಸುವ ಕಂಪನಿಯಲ್ಲಿ ಅಂದಾಜು ಹಾಕುವವಳು. ಯಾರಾದರೂ ಮನೆ ಬದಲಾಯಿಸುತ್ತಾರೆಂದರೆ ಇವಳು ಮುಂಚೆಯೇ ಹೋಗಿ, ಕೋಣೆ ಕೋಣೆ ಸುತ್ತಿ, ಮಂಚದಡಿ ಇಣುಕಿ, ಎಷ್ಟು ವ್ಯಾನು ಬೇಕು ಎಂದು ಹೇಳಬೇಕು. ಸೊಂಟದಲ್ಲಿ ಸದಾ ಟೇಪು ಸಿಕ್ಕಿಸಿಕೊಂಡಿರುವುದರಿಂದ ಕಂಪನಿಯವರು ಇಟ್ಟ ಹೆಸರು ಅದು. ಟೇಪು ಹೊರಗೆ ಬರುವುದು ಗಿರಾಕಿಗಳ ಸಮಾಧಾನಕ್ಕೆ ಮಾತ್ರ, ಅವಳಿಗೆ ಕಣ್ಣಳತೆಯೇ ಸಾಕು. ಅವಳ ಲೋಕದಲ್ಲಿ ಯಾವ ವಸ್ತುವಿಗೂ ತೂಕವಿಲ್ಲ, ಅದು ಹಿಡಿಯುವ ಜಾಗವಷ್ಟೇ ಇದೆ. ದಿಂಬು ತುಂಬಿದ ಪೆಟ್ಟಿಗೆಗೂ ಪುಸ್ತಕ ತುಂಬಿದ ಪೆಟ್ಟಿಗೆಗೂ ಒಂದೇ ದರ. ಭಾರ ಹೊರುವವರ ಪಾಡು.

ಅಂದು ಅವಳು ಹೋದದ್ದು ಸಂಗೀತದ ಮೇಷ್ಟ್ರೊಬ್ಬರ ಮನೆಗೆ. ಸೊಂಟದ ಆಪರೇಷನ್ ಆಗಿ ಕೋಲು ಹಿಡಿದಿದ್ದ ಅವರು ಅಕ್ಕನ ಫ್ಲ್ಯಾಟಿಗೆ ಹೊರಟಿದ್ದರು. ಟೇಪಕ್ಕ ಕೊನೆಯ ಕೋಣೆಯ ಬಾಗಿಲು ತಳ್ಳಿದಳು. ಕಿಟಕಿಯ ಬೆಳಕಿಗೆ ಅಡ್ಡಲಾಗಿ ಬೂದು ಬಣ್ಣದ್ದೇನೋ ಇತ್ತು. ಬೀರು ಇರಬೇಕು ಎಂದುಕೊಂಡು ಎತ್ತರ, ಅಗಲ, ಆಳವನ್ನು ಮನಸ್ಸಿನಲ್ಲೇ ಕೂಡಿಸಿಕೊಂಡಳು. ಎರಡು ದೊಡ್ಡ ಪೆಟ್ಟಿಗೆಯಷ್ಟು ಜಾಗ.

ಆಮೇಲೆ ಬೀರು ತಿರುಗಿ ಅವಳನ್ನು ನೋಡಿತು.

೨, ಮತ್ತೊಮ್ಮೆ

(ಇಲ್ಲಿ ಸ್ವಲ್ಪ ನಿಲ್ಲೋಣ. ಬೆರಗನ್ನು ಒಂದೇ ಸಾಲಿನಲ್ಲಿ ಮುಗಿಸುವಷ್ಟು ಜಿಪುಣ ನಾನಲ್ಲ.)

ಅದು ಗ್ರೇಟ್ ಡೇನ್ ಜಾತಿಯ ಗಂಡುನಾಯಿ. ಅವಸರವಿಲ್ಲದೆ ನಡೆದು ಬಂತು. ತಲೆ ಅವಳ ಎದೆಯ ಮಟ್ಟಕ್ಕಿತ್ತು. ಬೊಗಳಲಿಲ್ಲ, ಮೂಸಲಿಲ್ಲ. ಪಕ್ಕದಲ್ಲಿ ನಿಂತು ಮೈಯನ್ನು ಅವಳ ಸೊಂಟಕ್ಕೆ ಆನಿಸಿ, ನಿಧಾನವಾಗಿ ತನ್ನ ಭಾರವನ್ನೆಲ್ಲ ಬಿಟ್ಟಿತು. ಟೇಪಕ್ಕ ತಡವರಿಸಿ ಗೋಡೆ ಹಿಡಿದಳು. ಇಷ್ಟು ವರ್ಷದ ಕೆಲಸದಲ್ಲಿ ಅಳೆದ ಯಾವುದೂ ಹೀಗೆ ಅವಳನ್ನು ನಂಬಿ ಒರಗಿರಲಿಲ್ಲ.

"ಇಷ್ಟ ಆದವರಿಗೆ ಹಾಗೆ ಒರಗಿಬಿಡ್ತಾನೆ ತಾಯಿ" ಎಂದರು ಮೇಷ್ಟ್ರು. "ಗಟ್ಟಿಯಾಗಿ ನಿಂತ್ಕೊಳ್ಳಿ."

"ಇವನು ಯಾವ ವ್ಯಾನಿಗೆ, ಸರ್?"

"ಇವನು ಬರಲ್ಲ. ಅಕ್ಕನ ಮನೇಲಿ ಜಾಗ ಇಲ್ಲ, ನನಗೆ ಹಿಡಿಯೋ ತ್ರಾಣ ಇಲ್ಲ. ಬೇಕು ಅಂದವರಿಗೆ ಕೊಡ್ತೀನಿ. ಆದರೆ ಒಂದು ಮಾತು. ಮೊದಲು ಇವನನ್ನ ನೋಡೋ ಡಾಕ್ಟರ ಹತ್ರ ಕರ್ಕೊಂಡು ಹೋಗಿ, ಖರ್ಚೆಲ್ಲಾ ಕೇಳಿಸ್ಕೊಂಡು ಬರಬೇಕು. ಕೇಳಿದ ಮೇಲೂ ಬೇಕು ಅಂದವರಿಗೇ ಕೊಡೋದು." ಅವರು ಕೋಲಿನ ತುದಿ ನೋಡಿಕೊಂಡರು. "ಆಗಲೇ ಇಬ್ಬರು ಹೋಗಿದ್ರು. ಇವನನ್ನ ಗೇಟ್ ಒಳಗೆ ಬಿಟ್ಟು ಹಾಗೇ ಹೊರಟುಹೋದ್ರು."

ಸಾಮಾನು ತುಂಬುವ ದಿನದೊಳಗೆ ಯಾರೂ ಸಿಗದಿದ್ದರೆ ಅನಾಥ ನಾಯಿಗಳ ಆಶ್ರಮವೇ ಗತಿ. ಅಲ್ಲಿ ಇಷ್ಟು ದೊಡ್ಡ ನಾಯಿಯನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ.

೩

ಟೇಪಕ್ಕನ ಗಂಡ ಲಿಫ್ಟ್ ರಿಪೇರಿ ಮಾಡುವವನು. ಅವನನ್ನು ಜಿಪುಣ ಮಾಡಬೇಕೆಂದಿದ್ದೆ. ಖಳನಾಯಕ ಇದ್ದರೆ ಕಥೆ ಸಲೀಸಾಗಿ ಓಡುತ್ತದೆ. ಅವನು ಒಪ್ಪಲಿಲ್ಲ.

"ಸ್ವಲ್ಪ ನಿಲ್ಲಿ ಸ್ವಾಮಿ" ಎಂದು ನನ್ನ ಕಡೆಗೇ ಕೈ ತೋರಿಸಿದ. "ನಾಯಿ ಅಂದ್ರೆ ನನಗೂ ಇಷ್ಟ. ಅದನ್ನ ಬರ್ಕೊಳ್ಳಿ ಮೊದಲು." ಬರೆದುಕೊಂಡೆ. ಆಮೇಲೆ ಹೆಂಡತಿಯ ಕಡೆ ತಿರುಗಿದ. "ಲಿಫ್ಟಲ್ಲಿ ಭಾರ ಜಾಸ್ತಿಯಾದ್ರೆ ಬೆಲ್ ಹೊಡ್ಕೊಳ್ತದೆ, ಬಾಗಿಲು ಮುಚ್ಚಲ್ಲ. ನಮ್ಮ ಸಂಸಾರಕ್ಕೆ ಅಂಥ ಬೆಲ್ ಇಲ್ಲ ಕಣೇ. ಮಧ್ಯದಲ್ಲಿ ನಿಂತ್ಕೊಂಡ್ರೆ ಏನು ಮಾಡೋದು?"

"ಎಲ್ಲಾ ಲೆಕ್ಕ ಹಾಕಿದ್ದೀನಿ ರೀ. ಪಕ್ಕದ ಮನೆ ಟೈಲರ್ ನಾಯಿಗೆ ವರ್ಷಕ್ಕೆ ಎಷ್ಟಾಗ್ತದೆ ಅಂತ ಕೇಳಿದೆ. ಅದು ಅರ್ಧ ಪೆಟ್ಟಿಗೆ ಜಾಗ, ಇವನು ಎರಡು ಪೆಟ್ಟಿಗೆ. ನಾಲ್ಕು ಪಟ್ಟು ಅಂದ್ಕೊಳ್ಳಿ. ಹೇಗೋ ತೂಗಿಸಬಹುದು."

(ಓದುಗರೇ, ಇಲ್ಲಿ ಒಂದು ತಪ್ಪು ನಡೆದಿದೆ. ಟೇಪಕ್ಕನ ಕಸುಬಿನವರು ಮಾತ್ರ ಮಾಡಬಹುದಾದ ತಪ್ಪು. ಹೇಳಿಬಿಡಲೇ? ಬೇಡ, ಡಾಕ್ಟರೇ ಹೇಳಲಿ. ಅವರು ಅದಕ್ಕೆಂದೇ ಓದಿದ್ದಾರೆ.)

೪

ನಾಯಿಯನ್ನು ಕರೆತಂದ ಟೇಪಕ್ಕನ ಅಂದಾಜು ಕೇಳಿ ಡಾಕ್ಟರಮ್ಮ ಮುಖಕ್ಕೆ ಕೈ ಅಡ್ಡ ಹಿಡಿದರು. ನಗು ತಡೆಯಲಾಗಲಿಲ್ಲ.

"ಜಾಗದ ಲೆಕ್ಕ ಇಲ್ಲಿ ನಡೆಯಲ್ಲಮ್ಮಾ. ಇಲ್ಲಿ ಎಲ್ಲಾ ತೂಕದ ಮೇಲೆ." ಎಂದವರೇ ನಾಯಿಯನ್ನು ನೆಲದ ತಕ್ಕಡಿಯ ಮೇಲೆ ನಿಲ್ಲಿಸಿದರು. ಹಿಂಗಾಲು ಹೊರಗೆ ಉಳಿಯಿತು. ಗಂಡ ಬಗ್ಗಿ ಅವನ್ನೂ ಒಳಗೆ ಸೇರಿಸಿದ. ಎಪ್ಪತ್ತೆರಡು ಕಿಲೋ. ಟೈಲರನ ನಾಯಿ ಆರು ಕಿಲೋ.

ಟೇಪಕ್ಕ ಬೆರಳು ಮಡಿಚಿ ಎಣಿಸಿದಳು. ನಾಲ್ಕು ಪಟ್ಟು ಎಲ್ಲಿ, ಹನ್ನೆರಡು ಪಟ್ಟು ಎಲ್ಲಿ!

ಡಾಕ್ಟರಮ್ಮ ಯಾವುದನ್ನೂ ಮುಚ್ಚಿಡಲಿಲ್ಲ. ಜಂತುಹುಳುವಿನ ಮಾತ್ರೆ, ನೋವಿನ ಮಾತ್ರೆ, ಪ್ರಜ್ಞೆ ತಪ್ಪಿಸುವ ಔಷಧ, ಎಲ್ಲವೂ ಕಿಲೋಗೆ ಇಷ್ಟು ಅಂತ. ಲಸಿಕೆ ಮಾತ್ರ ಚಿಕ್ಕದಕ್ಕೂ ದೊಡ್ಡದಕ್ಕೂ ಒಂದೇ. ("ಅಬ್ಬಾ, ಅದೊಂದಾದ್ರೂ!" ಎಂದಳು ಟೇಪಕ್ಕ.) ಸೊಂಟದ ಕೀಲು ಸವೆಯಬಹುದು. ಇನ್ಶೂರೆನ್ಸ್ ಸಿಗುತ್ತದೆ, ಆದರೆ ಈ ಜಾತಿಗೆ ಕಂತು ಜಾಸ್ತಿ. ಎಲ್ಲಕ್ಕಿಂತ ಹೆದರಿಕೆಯದು ಹೊಟ್ಟೆ. ಇದ್ದಕ್ಕಿದ್ದಂತೆ ಹೊಟ್ಟೆ ಉಬ್ಬಿ ಒಳಗೇ ತಿರುಚಿಕೊಂಡರೆ ಕೂಡಲೇ ಆಪರೇಷನ್ ಆಗಬೇಕು. ಅದಕ್ಕೆ ಗಂಡ ಹೆಂಡತಿ ಇಬ್ಬರ ಎರಡು ತಿಂಗಳ ಸಂಬಳ ಸಾಲದು.

"ಮುಂಚೆಯೇ ಹೊಟ್ಟೆಯನ್ನ ಪಕ್ಕೆಯ ಒಳಗೋಡೆಗೆ ಸೇರಿಸಿ ಒಂದು ಹೊಲಿಗೆ ಹಾಕಿಸ್ಕೊಂಡ್ರೆ ತಿರುಚೋ ಭಯ ತುಂಬಾ ಕಮ್ಮಿ. ಅದಕ್ಕೂ ದುಡ್ಡು ಬೇಕು, ಆದರೆ ಅಷ್ಟಲ್ಲ. ಇಷ್ಟೆಲ್ಲಾ ಮಾಡಿದ್ರೂ ಈ ಜಾತಿ ನಾಯಿಗಳ ಆಯಸ್ಸು ಎಂಟೋ ಒಂಬತ್ತೋ ವರ್ಷ. ಇವನಿಗೆ ಈಗ ನಾಲ್ಕು."

ನಾಯಿ ಡಾಕ್ಟರಮ್ಮನಿಗೂ ಒಮ್ಮೆ ಒರಗಿ ನೋಡಿತು. ಅವರು ಎದೆಯ ಬಡಿತ ಕೇಳುತ್ತಿದ್ದ ಸ್ಟೆತಸ್ಕೋಪನ್ನು ಕಿವಿಯಿಂದ ತೆಗೆದು ಟೇಪಕ್ಕನಿಗೆ ಕೊಟ್ಟರು. "ಎಲ್ಲಾ ಕೇಳಿಸ್ಕೊಂಡಿರಿ. ಇದನ್ನೂ ಕೇಳಿ."

ಒಂದು ಬಡಿತ. ಆಮೇಲೆ ಏನೂ ಇಲ್ಲ. ನಿಂತೇಹೋಯಿತೇ ಎಂದು ಅವಳು ಗಾಬರಿಯಾಗುವಷ್ಟರಲ್ಲಿ ಇನ್ನೊಂದು. ಮಹಡಿಯ ಮೇಲೆ ಯಾರೋ ಭಾರದ ಸಾಮಾನನ್ನು, ಕೆಳಗಿನವರಿಗೆ ತೊಂದರೆಯಾಗದಂತೆ, ಮೆಲ್ಲಗೆ ಇಳಿಸಿದ ಹಾಗಿತ್ತು. ಇಷ್ಟು ದೊಡ್ಡ ಜೀವ, ಇಷ್ಟು ಸಮಾಧಾನವಾಗಿ, ಯಾರ ಹತ್ತಿರವೂ ಏನೂ ಕೇಳದೆ ಒಳಗೊಳಗೇ ನಡೆಯುತ್ತಿದೆ. ಇದನ್ನು ಯಾವ ಟೇಪಿನಿಂದ ಅಳೆಯುವುದು? ಅವಳ ಕಣ್ಣು ತುಂಬಿ ಬಂತು. ಸ್ಟೆತಸ್ಕೋಪನ್ನು ಗಂಡನಿಗೆ ಕೊಟ್ಟಳು. ಅವನು ಕೇಳಿದ, ತುಂಬಾ ಹೊತ್ತು ಕೇಳಿದ, ವಾಪಸ್ ಕೊಡುವುದನ್ನೇ ಮರೆತ.

೫

ನಾಯಿಯನ್ನು ಮೇಷ್ಟ್ರ ಮನೆಗೆ ಬಿಟ್ಟು ತಮ್ಮ ಮನೆಗೆ ಹೋಗುವ ದಾರಿಯಲ್ಲಿ ಟೇಪಕ್ಕ ಸಪ್ಪಗಾಗಿದ್ದಳು. ನನಗೆ ಸಂಕಟವಾಯಿತು. "ನೋಡಿ, ಬರೆಯುವವನು ನಾನು" ಎಂದೆ. "ಇವನ ಹೊಟ್ಟೆ ಯಾವತ್ತೂ ತಿರುಚಿಕೊಳ್ಳಲಿಲ್ಲ ಅಂತ ಒಂದು ಸಾಲು ಬರೆದರಾಯಿತು. ನನಗೇನು ಖರ್ಚು?"

"ಬೇಡ" ಎಂದಳು. "ಮೊದಲ ಡ್ರಾಫ್ಟಲ್ಲಿ ಸುಖವಾಗಿದ್ದರು ಅಂತ ಬರೆದು ನೀವೇ ಹರಿದು ಹಾಕಿದ್ರಲ್ಲ." ಸ್ವಲ್ಪ ದೂರ ನಡೆದು ಮತ್ತೆ ಹೇಳಿದಳು. "ಖರ್ಚಿಗೆ ಹೆದರಿಕೆ ಇಲ್ಲ ನನಗೆ. ಇನ್ನೊಂದು ಮನೆ ಜಾಸ್ತಿ ಅಳೀತೀನಿ. ಒಂದು ದಿನ ಡಾಕ್ಟರು 'ಆಪರೇಷನ್ ಮಾಡೋಣವಾ' ಅಂತ ಕೇಳಿ, ನಾನು ರೇಟು ಕೇಳಿ, ಬೇಡ ಅನ್ನಬೇಕಾಗಿ ಬಂದ್ರೆ? ಅವನು ಆವಾಗಲೂ ನನಗೇ ಒರಗ್ತಾನೆ. ಅದಕ್ಕೆ ಹೆದರ್ತೀನಿ."

(ಕಥೆಗಾರರು ಇಂಥಲ್ಲಿ ಸಾಮಾನ್ಯವಾಗಿ ಸೂರ್ಯಾಸ್ತ ತರುತ್ತಾರೆ.)

ಉತ್ತರ ಕೊಟ್ಟದ್ದು ಗಂಡ. "ಮೊದಲು ಆ ಹೊಲಿಗೆ ಹಾಕಿಸೋಣ. ಹೊಸ ಬೈಕ್ ಮುಂದಿನ ವರ್ಷ ನೋಡ್ಕೊಂಡ್ರಾಯ್ತು. ಅದಾದ ಮೇಲೂ ಹಾಗೊಂದು ದಿನ ಬಂದ್ರೆ, ಇಬ್ಬರೂ ಸೇರಿ ಹೆದರೋಣ. ಒಬ್ಬಳೇ ಯಾಕೆ ಹೆದರ್ತೀಯಾ?"

೭

(ಆರನೆಯದರಲ್ಲಿ ನಾಯಿ ಸತ್ತಿತ್ತು. ಹರಿದು ಹಾಕಿದೆ. ಹುಡುಕಬೇಡಿ.)

ನನ್ನ ಬಳಿ ಮೂರು ಮುಕ್ತಾಯಗಳಿದ್ದವು. ಒಂದರಲ್ಲಿ ಹೊಲಿಗೆ ಹಾಕಿಸಿಯೂ ದುರಾದೃಷ್ಟ ಬಿಡುವುದಿಲ್ಲ. ಇನ್ನೊಂದರಲ್ಲಿ ನಾಯಿ ಹನ್ನೊಂದು ವರ್ಷ ಬದುಕಿ ಡಾಕ್ಟರಮ್ಮನನ್ನೇ ಸುಳ್ಳುಗಾರ್ತಿ ಮಾಡುತ್ತದೆ. ಮೂರನೆಯದು ಹೇಳಲು ನಾಚಿಕೆ, ಅದರಲ್ಲಿ ಲಾಟರಿ ಇದೆ. ಯಾವುದನ್ನು ಇಡಲಿ ಎಂದು ತಲೆ ಕೆರೆದುಕೊಳ್ಳುತ್ತಿರುವಾಗಲೇ ಅವರಿಬ್ಬರೂ ನನ್ನನ್ನು ಕೇಳದೆ ಮೇಷ್ಟ್ರ ಮನೆಗೆ ಹೋಗಿಬಿಟ್ಟಿದ್ದರು.

ನಾನು ಓಡಿ ಹೋಗುವಷ್ಟರಲ್ಲಿ ಸಾಮಾನೆಲ್ಲ ತುಂಬಿ, ಅಕ್ಕನ ಮನೆಗೆ ಹೋಗುವ ವ್ಯಾನು ಹೊರಟಿತ್ತು. ಮೇಷ್ಟ್ರು ಮೆಟ್ಟಿಲ ಮೇಲೆ ಕೂತಿದ್ದರು. "ಎಲ್ಲಾ ಕೇಳಿಸ್ಕೊಂಡ್ರಾ?" ಎಂದರು.

"ಎಲ್ಲಾ ಕೇಳಿಸ್ಕೊಂಡ್ವಿ" ಎಂದಳು ಟೇಪಕ್ಕ.

"ಕೇಳಿಯೂ ಬಂದ್ರಾ!" ಮೇಷ್ಟ್ರು ಕೋಲು ಬಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು.

ಕಂಪನಿಯ ಸಣ್ಣ ವ್ಯಾನು ಬಾಗಿಲು ತೆರೆದು ನಿಂತಿತ್ತು. ನಾಯಿ ಮುಂಗಾಲು ಎರಡನ್ನೂ ಒಳಗಿಟ್ಟು ಅಲ್ಲೇ ನಿಂತುಬಿಟ್ಟಿತು. ತಿರುಗಿ ಮೇಷ್ಟ್ರನ್ನು ನೋಡಿತು, ಮುಂದೆ ಕತ್ತಲೆಯಾಗಿದ್ದ ವ್ಯಾನನ್ನು ನೋಡಿತು. ಗಂಡ ಒಳಗಿನಿಂದ ಎದೆಯಡಿ ಕೈ ಕೊಟ್ಟ. ಟೇಪಕ್ಕ ಹಿಂದಿನಿಂದ ತೊಡೆಯಡಿ ಭುಜ ಕೊಟ್ಟಳು. ಅಲುಗಲಿಲ್ಲ.

"ಏನ್ರೀ, ನೋಡ್ತಾ ನಿಂತಿದ್ದೀರಲ್ಲ?" ಎಂದು ಅವಳು ನನ್ನ ಕಡೆ ಕತ್ತು ಹೊರಳಿಸಿದಳು. "ಪೆನ್ನು ಜೇಬಿಗೆ ಹಾಕಿ. ಈ ಕಡೆ ಒಂದು ಕೈ ಕೊಡಿ."

ಕೊಟ್ಟೆ. ಅಷ್ಟು ಪುಟ ಬರೆದಿದ್ದರೂ ಅವನ ಮೈ ಇಷ್ಟು ಬಿಸಿಯಿರಬಹುದೆಂದು ನನಗೆ ಗೊತ್ತಿರಲಿಲ್ಲ. ಹೊಟ್ಟೆಯಡಿ ನನ್ನ ಅಂಗೈ ಹೋಯಿತು, ನಾಳೆ ತಿರುಚಿಕೊಳ್ಳಬಹುದಾದ, ತಿರುಚಿಕೊಳ್ಳದೆಯೂ ಇರಬಹುದಾದ ಹೊಟ್ಟೆ. ಮೂವರೂ ಉಸಿರು ಬಿಗಿಹಿಡಿದು ಎತ್ತಿದೆವು. ಹಿಂಗಾಲುಗಳು ನೆಲ ಬಿಟ್ಟವು. ಅಷ್ಟರಲ್ಲಿ ಅವನು, ನಾನು ಇಷ್ಟವಾಗಿಯೋ, ಹೆದರಿಕೆಯಾಗಿಯೋ, ತಲೆ ತಂದು ನನ್ನ ಹೆಗಲ ಮೇಲಿಟ್ಟು ತನ್ನ ಭಾರವನ್ನೆಲ್ಲ ಬಿಟ್ಟ.

ಮುಂದೇನಾಯಿತು ಎಂದು ಕೇಳಬೇಡಿ. ನನಗೆ ಪೆನ್ನು ತೆಗೆಯಲು ಕೈ ಖಾಲಿಯಿಲ್ಲ. ನಾನಿನ್ನೂ ಇವನನ್ನು ಕೆಳಗಿಳಿಸಿಲ್ಲ.