ಹನ್ನೊಂದು ನಲವತ್ತೊಂದರ ರಾಜಯೋಗ

೨೦೧೫ರ ಯುಗಾದಿಯಂದು, ಡಲ್ಲಾಸಿನ ಪಕ್ಕದ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ಪ್ರಭಂಜನರು ಡಲ್ಲಾಸಿನ ಕನ್ನಡಿಗರೆದುರು ‘ವಿಶ್ವವೇ ಒಂದು ಕುಟುಂಬ’ ಎಂದು ಭಾಷಣ ಮಾಡಿದರು. ಮುಕ್ಕಾಲು ಗಂಟೆ ಎಂದು ಡಲ್ಲಾಸಿನವರು ಹೇಳುತ್ತಾರೆ. ಹ್ಯೂಸ್ಟನ್ನಿನವರ ಬಾಯಲ್ಲಿ ಅದು ಎರಡು ಗಂಟೆ. ಚಪ್ಪಾಳೆಯಂತೂ ಬಿದ್ದಿತು. ಮೂರೇ ವಾರಕ್ಕೆ ಆಸ್ಟಿನ್ ಬಳಿಯ ರೌಂಡ್ ರಾಕ್‌ನಲ್ಲಿ ಕೆಲಸಕ್ಕಿದ್ದ ಮಗ ನಿಶ್ಚಲ್ ಫೋನ್ ಮಾಡಿ, ಅನಾಹಿತ್ ಎಂಬ ಆರ್ಮೇನಿಯದ ಹುಡುಗಿಯನ್ನು ಮದುವೆಯಾಗುತ್ತೇನೆಂದ.

ಪ್ರಭಂಜನರು ಭೂಪಟ ತೆರೆದರು. ಎಲ್ಲ ಕಡೆ ಬೆಟ್ಟ. ಬೆಂಗಳೂರಿನ ಮೂರನೇ ಒಂದು ಪಾಲು ಜನವೂ ಇಲ್ಲ. ಅಲ್ಲಿನವರು ಹಾಡಿ ಹೊಗಳುವ ಅರಾರತ್ ಪರ್ವತ ಗಡಿಯಾಚೆ ಪರದೇಶದಲ್ಲಿದೆ. ತಮ್ಮದಲ್ಲದ ಬೆಟ್ಟದ ಚಿತ್ರ ಮನೆಯಲ್ಲಿಟ್ಟುಕೊಳ್ಳುವವರ ಸಂಬಂಧವೇ ಎಂದು ಅವರು ನಕ್ಕದ್ದು ಚಾಮುಂಡಿಬೆಟ್ಟದ ಚಿತ್ರದ ಕೆಳಗೆ ಕುಳಿತು.

ಬೇಡವೆನ್ನಲು ಭಾಷಣ ಅಡ್ಡ ಬಂತು. ಆದ್ದರಿಂದ ಬೇಡವೆನ್ನುವ ಕೆಲಸವನ್ನು ಗ್ರಹಗಳಿಗೆ ವಹಿಸಿದರು. ೧೯೮೮ರ ಡಿಸೆಂಬರಿನಲ್ಲಿ ದೊಡ್ಡ ಭೂಕಂಪವಾದ ದಿನ ಹುಡುಗಿ ಹುಟ್ಟಿದ್ದಳು. ಆಸ್ಪತ್ರೆಯೇ ಕುಸಿದು ಕಾಗದಪತ್ರವೊಂದೂ ಉಳಿದಿರಲಿಲ್ಲ. ಇಷ್ಟನ್ನು ನಿಶ್ಚಲನೇ ಹೇಳಿದ್ದ. ಹುಟ್ಟಿದ ಸಮಯವಿಲ್ಲದೆ ಜಾತಕವಿಲ್ಲ, ಜಾತಕವಿಲ್ಲದೆ ಮದುವೆಯಿಲ್ಲ, ಯಾರ ತಪ್ಪೂ ಇಲ್ಲ. ನಿಮಿಷದ ಲೆಕ್ಕದಲ್ಲಿ ಸಮಯ ಬೇಕೆಂದು ಪಟ್ಟು ಹಿಡಿದು, ಹೆಂಡತಿ ನಾಗಮಣಿಯೊಡನೆ ಹ್ಯೂಸ್ಟನ್ನಿಗೆ ಹೊರಟರು.

ಊರ ಪಕ್ಕದ ಪೇರ್ಲ್ಯಾಂಡಿನ ಗುಡಿಯಲ್ಲಿ ಮೀನಾಕ್ಷಿಗೆ ಕೈಮುಗಿದು, ಅನಾಹಿತಳನ್ನು ಸಾಕಿದ ಅಜ್ಜಿ ಸಿರಾನುಷ್ ಅವರ ಮನೆ ಹೊಕ್ಕರು. ಅಜ್ಜಿ ಒಣ ಜರ್ದಾಳು, ತೆಳುರೊಟ್ಟಿ, ತಳದಲ್ಲಿ ಗಸಿ ನಿಂತ ಕಾಫಿ ಎಲ್ಲವನ್ನೂ ಮುಂದಿಟ್ಟರು. ಸೋಸದ ಕಾಫಿಯನ್ನು ಪ್ರಭಂಜನರು ಔಷಧಿಯಂತೆ ಕುಡಿದು ಸಮಯ ಕೇಳಿದರು. ಮೊಮ್ಮಗಳು ಆರ್ಮೇನಿಯನ್ ಭಾಷೆಯಲ್ಲಿ ಪ್ರಶ್ನೆಯನ್ನು ತಿಳಿಸಿದಳು.

“ಹನ್ನೊಂದು ನಲವತ್ತೊಂದು,” ಎಂದರು ಅಜ್ಜಿ, ರೆಪ್ಪೆ ಬಡಿಯದೆ.

ಪ್ರಭಂಜನರಿಗೆ ಬರೆದುಕೊಳ್ಳದೆ ವಿಧಿಯಿರಲಿಲ್ಲ. ಆದರೂ ಮೈಸೂರಿನ ಜೋಯಿಸರ ಮೇಲೆ ಅವರಿಗೆ ನಂಬಿಕೆಯಿತ್ತು. ಎರಡು ಸಂಬಂಧಗಳನ್ನು ಆ ಪುಣ್ಯಾತ್ಮರು ಹಿಂದೆ ತಪ್ಪಿಸಿದ್ದರು. ಈ ಸಲ ಮಾತ್ರ ಜೋಯಿಸರು ಸ್ಕೈಪಿನಲ್ಲಿ ಕಣ್ಣರಳಿಸಿದರು. ಅಪರೂಪದ ರಾಜಯೋಗವಂತೆ, ಇಂಥ ನಿಮಿಷ ಶತಮಾನಕ್ಕೊಮ್ಮೆ ಬಂದರೆ ಹೆಚ್ಚಂತೆ. ಇನ್ನೊಮ್ಮೆ ನೋಡಿ ಎಂದದ್ದಕ್ಕೆ ಇನ್ನೊಮ್ಮೆ ನೋಡಿ, ಇನ್ನಷ್ಟು ಹೊಗಳಿದರು. ಸಂಜೆಯೊಳಗೆ ನಾಗಮಣಿ ಊರಿಗೆಲ್ಲ ಹೇಳಿಯಾಗಿತ್ತು.

ಮದುವೆಯ ದಿನ ಗೊತ್ತು ಮಾಡಲು ಆಸ್ಟಿನ್ನಿನ ನಿಶ್ಚಲನ ಮನೆಯಲ್ಲಿ ಎರಡೂ ಕಡೆಯವರು ಸೇರಿದರು. ಅಜ್ಜಿ ಒಂದು ಚಿತ್ರಪಟ ತಂದಿದ್ದರು: ಅವರ ಊರಿನ ಚೌಕ, ನಡುವೆ ಗಡಿಯಾರ, ಮುಳ್ಳುಗಳು ಹನ್ನೊಂದು ನಲವತ್ತೊಂದಕ್ಕೆ. ಅದೇಕೆಂದು ಪ್ರಭಂಜನರು ಕೇಳಿದರು. ಭೂಮಿ ನಡುಗಿದಾಗ ಗಡಿಯಾರ ಅಲ್ಲಿಗೆ ನಿಂತಿತೆಂದೂ, ತಾನು ಹುಟ್ಟಿದ್ದು ಎಷ್ಟೋ ಹೊತ್ತಿನ ಮೇಲೆ, ಚಳಿಯಲ್ಲಿ, ಒಂದು ಲಾರಿಯೊಳಗೆ ಎಂದೂ ಅನಾಹಿತ್ ಹೇಳಿದಳು.

ಪ್ರಭಂಜನರ ಮುಖ ಮೂರು ತಿಂಗಳಲ್ಲಿ ಮೊದಲ ಸಲ ಬೆಳಗಿತು. “ಹಾಗಾದ್ರೆ ಜಾತಕ ಸುಳ್ಳು. ಅಜ್ಜಿ ನಮಗೆ ಸುಳ್ಳು ಹೇಳಿದ್ದಾರೆ.”

“ನೀವು ಸಮಯ ಕೇಳಿದಿರಿ,” ಎಂದರು ಅಜ್ಜಿ. ಅನಾಹಿತ್ ಒಂದೊಂದೇ ಮಾತನ್ನು ದಾಟಿಸಿದಳು. “ಆ ದಿನ ನಮ್ಮೂರಲ್ಲಿ ಬೇರೆ ಸಮಯ ಇರಲಿಲ್ಲ. ಆ ನಿಮಿಷದ ಬಗ್ಗೆ ನಿಮ್ಮ ಜೋಯಿಸರು ಏನೆಂದರು?”

ರಾಜಯೋಗ ಎಂದರೆಂದು ನಾಗಮಣಿ ಮೆಲ್ಲಗೆ ಹೇಳಿದರು.

“ನನ್ನ ಗಂಡ ಮತ್ತು ಇಬ್ಬರು ತಮ್ಮಂದಿರು ಆ ರಾಜಯೋಗದಲ್ಲೇ ಹೋದರು.”

ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಯಾರೂ ಏಳಲಿಲ್ಲ. ಕೊನೆಗೆ ನಾಗಮಣಿ ಗಂಡನ ಕಡೆ ತಿರುಗಿದರು. “ಇನ್ನೇನಾದ್ರೂ ಕೇಳೋದಿದೆಯೇನ್ರೀ? ಇಲ್ಲಾಂದ್ರೆ ಮುಹೂರ್ತದ ಮಾತಾಡೋಣ.”

ಕೇಳುವುದೇನೂ ಉಳಿದಿರಲಿಲ್ಲ. ಮುಹೂರ್ತವನ್ನು ಅಜ್ಜಿಯೇ ಹೇಳಿದರು. ಆ ನಿಮಿಷದಲ್ಲಿ ಒಂದು ಒಳ್ಳೆಯದು ನಡೆದದ್ದನ್ನು ಕಣ್ಣಾರೆ ನೋಡಿ ಸಾಯಬೇಕೆಂದು ಅವರಿಗಿತ್ತು. ಲಗ್ನಪತ್ರಿಕೆಯಲ್ಲಿ ಬೆಳಿಗ್ಗೆ ಹನ್ನೊಂದು ನಲವತ್ತೊಂದು ಎಂದೇ ಅಚ್ಚಾಯಿತು. ಕೆಳಗೆ, ತಮ್ಮ ಆಗಮನವನ್ನು ಬಯಸುವ ಪ್ರಭಂಜನ.

ಮುಹೂರ್ತ ಹೇಗಿದೆಯೆಂದು ಜೋಯಿಸರನ್ನು ಕೇಳಿದಾಗ, ಅದೂ ಬಹಳ ಚೆನ್ನಾಗಿದೆ ಎಂದರಂತೆ.